ಅತ್ತಿಗೆ ಕಟ್ಟಿದ ಯಂತ್ರ, ನನ್ನ ಚೆನ್ನೆಮಣೆ

ಹಲಸಿನ ಮರದ ಹಳದಿ ಪುಡಿ ಅತ್ತಿಗೆಯವರ ಹುಬ್ಬುಗಳ ಮೇಲೆ ಅರಿಸಿನ ಮೆತ್ತಿದಂತೆ ಕೂತಿರುತ್ತಿತ್ತು. ಅದನ್ನು ಒರೆಸಿಕೊಳ್ಳುವ ಗೊಡವೆಗೆ ಅವರು ಹೋಗುತ್ತಿರಲಿಲ್ಲ. ಹಾಗೆಯೇ ಸಿದ್ಧಕಟ್ಟೆ ಪೇಟೆಗೆ ಬಂದು, ಅಂಗಡಿಯವನು ಕೊಟ್ಟ ಬೋಲ್ಟುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಅರ್ಧವನ್ನು ಹಿಂದೆ ಕೊಡುತ್ತಿದ್ದರು. ನನ್ನ ಅಣ್ಣನ ಹೆಂಡತಿಯಾದ ಅವರು ಐಟಿಐಯೊಂದರಲ್ಲಿ ಯಂತ್ರಗಳ ನಕ್ಷೆ ಬಿಡಿಸುವುದನ್ನು ಕಲಿಸಿ ನಿವೃತ್ತರಾದವರು. ನಾನು ಶಾಲೆಯಲ್ಲಿ ಮರಗೆಲಸ ಕಲಿಸಿದವನಾದ್ದರಿಂದ ನನ್ನನ್ನು ‘ಮಾಸ್ಟ್ರೇ’ ಎಂದೇ ಕರೆಯುತ್ತಿದ್ದರು.

ಆಟಿ ತಿಂಗಳ ಮಳೆಯಲ್ಲಿ ನಮ್ಮ ಕಡೆ ಚೆನ್ನೆಮಣೆಗಳು ಅಟ್ಟದಿಂದ ಇಳಿಯುತ್ತವೆ. ಎರಡು ಸಾಲು ಕುಳಿಗಳಲ್ಲಿ ಮಂಜೊಟ್ಟಿ ಬೀಜ ಹಂಚುತ್ತಾ ಆಡುವ ಆ ಮಣೆಗಳನ್ನು ಕಡೆಯುವುದು ನನ್ನ ಬಾಳಿನ ಹೆಮ್ಮೆ. ನನ್ನ ಕೈಗೆ ನಡುಕ ಬಂದ ವರ್ಷ, ಪ್ರತಿ ಆಟಿಗೂ ನನ್ನಿಂದಲೇ ಮಣೆ ಒಯ್ಯುತ್ತಿದ್ದ ಮೂಡುಬಿದಿರೆಯ ಚೆನ್ನೆ ಪಂದ್ಯದ ಸಮಿತಿಯೊಂದರ ಕಾರ್ಯದರ್ಶಿ ಬೇಸಿಗೆಯಲ್ಲೇ ಬಂದು, ಜಗಲಿಯಲ್ಲಿ ನಿಂತೇ ಹೇಳಿದ: “ಇನ್ನು ನಿಮ್ಮಿಂದ ಆಗ್ಲಿಕ್ಕಿಲ್ಲ ಮಾಸ್ಟ್ರೇ. ಈ ಸಲ ಪ್ಲಾಸ್ಟಿಕ್‌ನದ್ದು ತರಿಸುವ ಅಂತ ಉಂಟು.”

ಕುಳಿತು ಹೇಳುವಷ್ಟು ಸೌಜನ್ಯವೂ ಅವನಿಗಿರಲಿಲ್ಲ. ಅಂದು ಅವನು ತೊಟ್ಟಿದ್ದ ಅಂಗಿಯ ಗೆರೆಗಳೂ ನನಗೆ ನೆನಪಿವೆ.

ಒಳಗಿನಿಂದ ಅತ್ತಿಗೆ ಬಂದರು. “ನಡುಗುವುದು ಮಾಸ್ಟ್ರ ಕೈ, ತಲೆಯಲ್ಲ. ಆಟಿಗೆ ಬನ್ನಿ, ಮರದ್ದೇ ಕೊಡ್ತೇವೆ.”

ಹೀಗೆ ಹಿತ್ತಿಲ ಶೆಡ್ಡಿನಲ್ಲಿ ಸಿಎನ್‌ಸಿ ಯಂತ್ರವೊಂದು ಎದ್ದಿತು: ಹಲಸಿನ ಚೌಕಟ್ಟು, ಉಕ್ಕಿನ ಸರಳುಗಳು, ಉದ್ದನೆಯ ತಿರುಪುಗಳು, ಅವನ್ನು ತಿರುಗಿಸುವ ಮೋಟಾರುಗಳು. ಕಂಪ್ಯೂಟರಿನಲ್ಲಿ ಬರೆದ ಅಂಕೆಗಳ ಪ್ರಕಾರ ತಿರುಗುವ ಬಿಟ್, ಅಂದರೆ ಕೊರೆಯುವ ಅಲಗು, ಎಡಬಲಕ್ಕೂ ಮೇಲೆಕೆಳಗೂ ಚಲಿಸಿ ಮರವನ್ನು ತೋಡುತ್ತಿತ್ತು. ನನ್ನ ಹಳೆಯ ಮಣೆಯೊಂದರ ಕುಳಿಗಳನ್ನೆಲ್ಲ ಅಳೆದು ಅತ್ತಿಗೆ ಆ ಅಂಕೆಗಳನ್ನು ಬರೆದಿದ್ದರು.

ಆದರೆ ಹಲಸಿನ ಮೇಲೆ ನಾವಿಬ್ಬರೂ ಇಟ್ಟ ಭರವಸೆ ಕೈಕೊಟ್ಟಿತು. ಬೇಸಿಗೆಯ ಬಿಸಿಲಿನಲ್ಲಿ ಕೂಡಿಸಿದ ಚೌಕಟ್ಟು, ಮಣೆ ಬೇಕಾಗುವ ಆಟಿಯ ಹೊತ್ತಿಗೇ ಮಳೆಗೆ ಉಬ್ಬಿ, ಒಂದು ದಿಕ್ಕಿನ ಸರಳನ್ನು ಬಿಗಿಹಿಡಿಯಿತು. ಕುಳಿಗಳು ದುಂಡಗಾಗುವ ಬದಲು ಉದ್ದುದ್ದ ಬಂದವು.

ಕಾರ್ಯದರ್ಶಿ ಮಣೆಯನ್ನು ತಿರುಗಿಸಿ ನೋಡಿದ. “ಇದರಲ್ಲಿ ಚೆನ್ನೆ ಆಡುವುದಾ, ಮೊಟ್ಟೆ ಇಡುವುದಾ ಮಾರಾಯ್ರೆ?”

“ಮೊಟ್ಟೆ ಇಟ್ಟಿದ್ರೆ ಊರಿಗೆಲ್ಲ ಕೇಳುವ ಹಾಗೆ ಕೂಗ್ತಿದ್ದೆವು,” ಎಂದರು ಅತ್ತಿಗೆ, ಸ್ವಲ್ಪವೂ ಕುಗ್ಗದೆ. “ಕೂಗಲಿಲ್ಲ ಅಲ್ವಾ? ಬರುವ ವಾರ ಬನ್ನಿ.”

ಅವನೆದುರಿಗೇ ಸ್ಪ್ಯಾನರ್ ಹಿಡಿದು ಯಂತ್ರವನ್ನು ಬಿಚ್ಚತೊಡಗಿದರು. ಚೌಕಟ್ಟಿಗೆ ಬಂಟ್ವಾಳದಿಂದ ಕಬ್ಬಿಣದ ಪಟ್ಟಿಗಳು ಬಂದವು. ಕಡೆಯುವ ಮರವನ್ನು ಕೂರಿಸುವ ಹಾಸು ಮಾತ್ರ ಹಲಸಿನದೇ ಉಳಿಯಿತು. ಮುಂದಿನ ವಾರ ಹೊರಬಂದ ಮಣೆಯ ಕುಳಿಯೊಳಗೆ ಬೆರಳಾಡಿಸಿದಾಗ, ಅದು ನಾನೇ ಕಡೆದ ಕುಳಿಯೆಂದು ನನ್ನ ಬೆರಳು ಗುರುತು ಹಿಡಿಯಿತು. ಕಾರ್ಯದರ್ಶಿ ಈ ಸಲ ಜಗಲಿಯಲ್ಲಿ ಕುಳಿತು ಚಹಾ ಕುಡಿದು, ಬೇಕಾದಷ್ಟೂ ಮಣೆಗಳಿಗೆ ಹೇಳಿಹೋದ. ಕ್ಷಮೆ ಮಾತ್ರ ಕೇಳಲಿಲ್ಲ, ಇಂದಿನವರೆಗೂ ಕೇಳಿಲ್ಲ.

ಕುಳಿಗಳ ಒಳಮೈಯಲ್ಲಿ ಕೂದಲೆಳೆಯಷ್ಟು ಒರಟು ಮರ ಯಾವಾಗಲೂ ಉಳಿದಿರುತ್ತಿತ್ತು. ಸ್ಯಾಂಡ್ ಪೇಪರಿನಿಂದ ಅದನ್ನು ಉಜ್ಜಿ ನಯಗೊಳಿಸುವುದು ನನ್ನ ಪಾಲು. ಇಷ್ಟೆಲ್ಲ ಮಾಡುವ ಯಂತ್ರಕ್ಕೆ ಇದು ಸಾಧ್ಯವಿಲ್ಲವೇ ಎಂದು ಒಮ್ಮೆ ಕೇಳಿದೆ.

“ಆಗ್ತದೆ. ನಾನೇ ಬಿಟ್ಟದ್ದು. ಉಜ್ಜಲಿಕ್ಕೆ ನಿಮ್ಮ ಈ ಕೈ ಧಾರಾಳ ಸಾಕು. ಮಣೆ ನಿಮ್ಮದಲ್ವಾ ಮಾಸ್ಟ್ರೇ?”

ಅತ್ತಿಗೆ ತೀರಿಕೊಂಡು ವರ್ಷವಾಗುತ್ತಾ ಬಂತು. ಯಂತ್ರ ದುಡಿಯುತ್ತಿದೆ, ನಾನೂ. ಮೊನ್ನೆ ಉಜಿರೆಯಿಂದ ಅದನ್ನು ನೋಡಲು ಬಂದ ಉಪನ್ಯಾಸಕರೊಬ್ಬರು ಮನಸಾರೆ ಮೆಚ್ಚಿ, “ಒಂದು ಅಂಕೆ ಬದಲಿಸಿದ್ರೆ ಪೂರ್ತಿ ಕೆಲಸ ಅದೇ ಮಾಡ್ತದೆ ಸರ್. ನಿಮಗೆ ಉಜ್ಜುವ ಕಷ್ಟ ಇಲ್ಲ. ಮಾಡಿ ಕೊಡ್ತೇನೆ,” ಎಂದು ಕಂಪ್ಯೂಟರಿನತ್ತ ಕೈ ಚಾಚಿದರು.

ಅವರ ಮಣಿಕಟ್ಟನ್ನು ಹಿಡಿದು ನಿಲ್ಲಿಸಿದೆ. ನನ್ನ ಕೈ ನಡುಗುತ್ತಿತ್ತು, ಹಿಡಿತ ಸಡಿಲವಿರಲಿಲ್ಲ.