ಕೊನೆಯಿಂದ ಎರಡನೇ ಪ್ಯಾರಾ

ಎಷ್ಟೋ ವರ್ಷಗಳ ಹಿಂದಿನ ಆ ಬೆಳಿಗ್ಗೆ ನಾನು ನಿಂತದ್ದು ಸಂಡೂರಿನ ಒಂದು ಮನೆಯ ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನಿಂದ ಎರಡು ಹೆಜ್ಜೆ ಈಚೆ. ಹತ್ತು ಗಂಟೆಗೆ ಇನ್ನೂ ಐದು ನಿಮಿಷವಿತ್ತು. ಒಳಗಿನ ಗಡಿಯಾರವನ್ನು ಆಗಷ್ಟೇ ನೋಡಿ ಬಂದಿದ್ದೆ. ಮೊನ್ನೆ ಹೊಸಪೇಟೆಯ ಮೈದಾನದ ಬದಿಯಲ್ಲಿ ಒಬ್ಬ ತಾಯಿ ಮಗಳ ಮೀನಖಂಡಕ್ಕೆ ಎಣ್ಣೆ ತಿಕ್ಕುತ್ತಿದ್ದಳು. ಎಳ್ಳೆಣ್ಣೆಯಲ್ಲಿ ಕರ್ಪೂರ ಕರಗಿಸಿದ ವಾಸನೆ… ಆ ಹಿತ್ತಲು, ಆ ಹೊತ್ತು, ಹಾಗೆಯೇ ಕಣ್ಣ ಮುಂದೆ ಬಂದು ನಿಂತವು.

ಆಗ ನಾನು ಪತ್ರಿಕೆಯೊಂದರ ವರದಿಗಾರ. ಆ ಮನೆಯ ಯಜಮಾನರು ರಾಜ್ಯ ತಂಡದಲ್ಲಿ ವಾಲಿಬಾಲ್ ಆಡಿದವರು. ಇಬ್ಬರು ಹೆಣ್ಣುಮಕ್ಕಳೂ ಓಟಗಾರ್ತಿಯರು. ಹಿರಿಯಳು ದೇಶಕ್ಕಾಗಿ ಓಡಿ ಬಂದಿದ್ದಳು. ಭಾನುವಾರದ ಪುರವಣಿಗೆ ಆ ಕುಟುಂಬದ ಬಗ್ಗೆ ಬರೆಯಬೇಕಿತ್ತು. ಅಂಥ ಲೇಖನಗಳಲ್ಲಿ ಮನೆಗೆಲಸದವರಿಗೆ ಒಂದು ಜಾಗ ಮೊದಲೇ ನಿಗದಿಯಾಗಿರುತ್ತದೆ: ಕೊನೆಯಿಂದ ಎರಡನೇ ಪ್ಯಾರಾ. ಅಲ್ಲಿ ಅವರು ಸದಾ ನಗುತ್ತಿರುತ್ತಾರೆ, ಮನೆಯವರೇ ಆಗಿರುತ್ತಾರೆ. ನಾನೂ ಅಂಥ ಹಲವು ಪ್ಯಾರಾ ಬರೆದಿದ್ದೆ.

ಆ ಮನೆಯಲ್ಲಿ ಅಡುಗೆ ಮಾಡುತ್ತಿದ್ದವರನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಚೋರನೂರಿನ ಆಚೆಯ ಒಂದು ಹಳ್ಳಿಯವರು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಹುಡುಗಿಯರು ಓಡಿ ಬಂದಾಗ ಕಾಲಿಗೆ ಕರ್ಪೂರದೆಣ್ಣೆ ತಿಕ್ಕುವುದೂ ಅವರ ಕೆಲಸವೇ.

“ಅಕ್ಕ ತಿಕ್ಕಿದ್ರ ಕಾಲು ತಾವ ಓಡ್ತಾವ್ರಿ. ನಾನು ಸುಮ್ನ ಮ್ಯಾಲ ಕುಂತಿರ್ತೀನಿ,” ಎಂದಳು ಹಿರಿಮಗಳು.

“ಬಹುಮಾನ ತಗೊಳ್ಳಾಕ ಮಾತ್ರ ಕೆಳಗ ಇಳೀತಾಳ ನೋಡ್ರಿ,” ಎಂದರು ಅಕ್ಕ. ಎಲ್ಲರೂ ನಕ್ಕೆವು. ನಾನು ಅದನ್ನು ಬರೆದುಕೊಂಡೆ.

“ಆಕೀಗೂ ಒಂದು ಮನಿ ಮಾಡಿಕೊಟ್ಟೀವ್ರಿ,” ಎಂದು ಯಜಮಾನರು ಹಿತ್ತಲಿಗೆ ಕರೆದುಕೊಂಡು ಹೋದರು. ಅಕ್ಕನೂ ಹಿರಿಮಗಳೂ ಹಿಂದೆಯೇ ಬಂದರು. ತಗಡಿನ ಮಾಡು, ಒಂದೇ ಕೋಣೆ. ಬಾಗಿಲು ತೆರೆದಿತ್ತು. ಒಂದು ಗೋಡೆಗೆ ಸುತ್ತಿಟ್ಟ ಚಾಪೆ, ಒಂದು ಟ್ರಂಕು. ಇನ್ನೊಂದು ಗೋಡೆಯ ಉದ್ದಕ್ಕೂ ಹಳೆಯ ಓಟದ ಬೂಟುಗಳು, ಹರಿದ ವಾಲಿಬಾಲ್ ನೆಟ್ಟು. ನಾನು ಅಕ್ಕನ ಕಡೆ ತಿರುಗಿದೆ. “ಚಾ ಆರತೈತಿ, ಬರ್ರಿ,” ಎಂದರು ಅಕ್ಕ.

ಹೊಸಪೇಟೆಗೆ ಬಂದು ಬರೆದೆ: ತಮ್ಮ ಹಿತ್ತಲಿನಲ್ಲೇ ಆಕೆಗೊಂದು ಸ್ವಂತ ಮನೆ ಕಟ್ಟಿಸಿಕೊಟ್ಟಿದ್ದಾರೆ. ‘ಸ್ವಂತ’ ಎಂಬ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ಲೇಖನ ಬಂದ ವಾರದಲ್ಲಿ ಅಕ್ಕ ಬಸ್ಸು ಹತ್ತಿ ಹೊಸಪೇಟೆಯ ನಮ್ಮ ಆಫೀಸಿಗೇ ಬಂದರು. ಲೇಖನದಲ್ಲಿ ಹುಡುಗಿಯರ ಪಕ್ಕ ಅವರ ಫೋಟೋ ಇತ್ತು. ಎರಡು ಪ್ರತಿ ಬೇಕೆಂದರು. ಓದು ಬರುತ್ತಿರಲಿಲ್ಲ. “ನನ್ನ ಬಗ್ಗಿ ಏನ್ ಬರದೀರಪ್ಪ?” ಎಂದು ಕೇಳಿದರು. “ಭಾಳ ಚಲೋ ಬರದೀನಕ್ಕ,” ಎಂದೆ. ಓದಿ ಹೇಳಲಿಲ್ಲ. ಯಾಕೆ ಬೇಕು ಎಂದೂ ಕೇಳಲಿಲ್ಲ.

ಯಾಕೆಂದು ತಿಳಿದದ್ದು ಕೆಲವು ತಿಂಗಳ ಮೇಲೆ, ಅವರ ಹಳ್ಳಿಯ ಗ್ರಾಮಸಭೆಯಲ್ಲಿ. ಮನೆಯಿಲ್ಲದವರ ಪಟ್ಟಿ ಆಗುತ್ತಿತ್ತು. ನಾನು ವರದಿಗೆ ಹೋಗಿದ್ದೆ. ಅಕ್ಕನ ಬೆರಳುಗಳು ಆಗಲೇ ಮಡಚಲು ಬಾರದಂತಾಗಿದ್ದವು. ತಿಕ್ಕುವ ಕೈ ನಿಂತರೆ ಆ ಕೋಣೆ ಉಳಿಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಹಳ್ಳಿಯಲ್ಲಿ ಗಂಡನ ಪಾಲಿನ ಬರೀ ಜಾಗವಿತ್ತು. ಅದರ ಮೇಲೊಂದು ಮನೆ ಆಗಬೇಕಿತ್ತು. ಅರ್ಜಿಗೆ ತೂಕ ಬರಲೆಂದು, ನನ್ನ ಲೇಖನಕ್ಕೆ ಲ್ಯಾಮಿನೇಷನ್ ಮಾಡಿಸಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದರು.

ಗುಮಾಸ್ತರು ಅದನ್ನು ಎತ್ತಿ ಎಲ್ಲರಿಗೂ ಕೇಳುವಂತೆ ಓದಿದರು. ಕೊನೆಯ ಹೊತ್ತಿಗೆ ದನಿ ನಿಧಾನವಾಯಿತು.

“ಯವ್ವಾ, ನಿನಗ ಮನಿ ಐತಲ್ಲ.”

“ಎಲ್ಲೈತ್ರೀ?”

“ಪೇಪರ್‌ನ್ಯಾಗ ಐತಿ ನೋಡು.”

ಹಿಂದೆ ಕುಳಿತವರು ನಕ್ಕರು. ಅಕ್ಕ ನಗಲಿಲ್ಲ. ನನ್ನತ್ತ ಕೈ ಮಾಡಿದರು. “ಇವ್ರ ಬರದಾರ್ರಿ. ಕಣ್ಲೆ ನೋಡ್ಯಾರ. ಕೇಳ್ರಿ.”

ಅದು ಮನೆಯಲ್ಲ, ಸಾಮಾನಿಡುವ ಕೋಣೆ, ಬರೆದದ್ದು ತಪ್ಪು ಎಂದೆ. “ಹಂಗಂತ ಪೇಪರ್‌ನ್ಯಾಗ ಹಾಕಿಸ್ಕೊಂಡ ಬರ್ರಿ ಸರ್,” ಎಂದರು ಗುಮಾಸ್ತರು.

ಪತ್ರಿಕೆಯಲ್ಲಿ ಕೇಳಿದೆ. ಮನೆಯವರೇ ಆಕ್ಷೇಪ ಬರೆದುಕೊಟ್ಟರೆ ತಿದ್ದುಪಡಿ ಹಾಕಬಹುದು ಎಂದರು. ಸಂಡೂರಿಗೆ ಹೋದೆ. “ಇದರಾಗ ಸುಳ್ಳೇನೈತ್ರಿ? ಆಕಿ ಅಲ್ಲೇ ಇರ್ತಾಳಲ್ಲ,” ಎಂದರು ಯಜಮಾನರು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹಿರಿಮಗಳು ಒಳಗೆ ಸರಿದಳು. ಅಕ್ಕ ಒಳಗಿನಿಂದ ಚಹಾ ತಂದು ಕೊಟ್ಟರು. ಲೋಟವನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದಿದ್ದರು. “ಹೋಗ್ಲಿ ಬಿಡಪ್ಪ. ನೀ ಚಲೋ ಅಂತ ಬರದಿದ್ದಿ,” ಎಂದರು. ಬೈದಿದ್ದರೆ…

ಪಟ್ಟಿಯಲ್ಲಿ ಅವರ ಹೆಸರು ಬರಲಿಲ್ಲ. ಕೈ ಪೂರಾ ನಿಂತ ಮೇಲೆ ಕಂಪ್ಲಿಯಲ್ಲಿದ್ದ ತಂಗಿಯ ಮನೆಗೆ ಹೋದರು, ಅಲ್ಲಿಯೇ ತೀರಿಕೊಂಡರು. ನನಗೆ ತಿಳಿದದ್ದು ತಿಂಗಳಾದ ಮೇಲೆ.

ಹೋದ ವರ್ಷ ಯಜಮಾನರೂ ತೀರಿಕೊಂಡರು. ಅವರ ಬಗ್ಗೆ ಬಂದ ಬರಹಗಳಲ್ಲಿ, ಮನೆಗೆಲಸದಾಕೆಗೂ ಸ್ವಂತ ಮನೆ ಕಟ್ಟಿಸಿಕೊಟ್ಟ ದೊಡ್ಡ ಮನಸ್ಸು ಎಂಬ ಸಾಲಿತ್ತು. ಬರೆದವರು ನನ್ನ ಹಳೆಯ ಲೇಖನ ನೋಡಿರಬೇಕು.

ಆ ಬೆಳಿಗ್ಗೆ, ತೆರೆದ ಆ ಬಾಗಿಲ ಮುಂದೆ ನಾವು ನಾಲ್ವರು ನಿಂತಿದ್ದೆವು. ಈಗ ಉಳಿದಿರುವವರು ಇಬ್ಬರು: ದೋಣಿಮಲೈಯಲ್ಲಿ ಮಕ್ಕಳಿಗೆ ಓಟ ಕಲಿಸುತ್ತಿರುವ ಹಿರಿಮಗಳು, ಮತ್ತು ನಾನು.