ಹರಿವಿನ ಕೆಳಗೆ ನಿಲ್ಲುವ ಸೊಣ್ಣಮ್ಮ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಜಯನಗರದಲ್ಲಿ ನಿವೃತ್ತ ಹೆಡ್ ಕ್ಲಾರ್ಕ್ ಸೇತುರಾಮಯ್ಯನವರ ಮನೆ ಮುಂದೆ ಬಾಡಿಗೆ ವ್ಯಾನು ಬಂದು ನಿಂತಿದೆ. ಒಳಗೆ ಪುಳಿಯೋಗರೆ ಕಲೆಸುವ ಗಡಿಬಿಡಿ, ಮಕ್ಕಳ ಗಲಾಟೆ. ಹೊರಗೆ ಮೆಟ್ಟಿಲ ಪಕ್ಕ ಕುಕ್ಕುರುಗಾಲಲ್ಲಿ ಕುಳಿತ ಸೊಣ್ಣಮ್ಮ ಬಾವಿ ಹಗ್ಗವೊಂದನ್ನು ಮೊಳ ಮೊಳವಾಗಿ ಎಳೆದು, ತಿರುಚಿ, ಎಲ್ಲಾದರೂ ಎಳೆ ಸವೆದಿದೆಯೇ ಎಂದು ನೋಡುತ್ತಿದ್ದಾರೆ. ಕಾಫಿ ಬೇಕೇ ಎಂದು ಅವರನ್ನು ಯಾರೂ ಕೇಳಿಲ್ಲ.

ಈ ಮನೆಯವರು ಇಂದು ಶ್ರೀರಂಗಪಟ್ಟಣಕ್ಕೆ ಹೊರಟಿದ್ದಾರೆ. ಸಂಗಮದಲ್ಲಿ ಸ್ನಾನ, ರಂಗನಾಥನ ದರ್ಶನ, ಊಟ, ಆಮೇಲೆ ದರಿಯಾ ದೌಲತ್ ಅರಮನೆ, ಕತ್ತಲಾಗುವಷ್ಟರಲ್ಲಿ ವಾಪಸ್ಸು. ಮನೆಯಲ್ಲಿ ಒಬ್ಬರಿಗೂ ಈಜು ಬಾರದು. ನೀರಿಗಿಳಿದ ಹೆಂಗಸರು ಮಕ್ಕಳು ಕೊಚ್ಚಿಹೋಗದಂತೆ ಕಾಯುವುದು ಸೊಣ್ಣಮ್ಮನ ಕೆಲಸ. ಬೇಸಿಗೆ ಬಂತೆಂದರೆ ಜಯನಗರ, ಬಸವನಗುಡಿಯ ಎಷ್ಟೋ ಮನೆಗಳವರು ಹೀಗೆ ಅವರನ್ನು ಕರೆದೊಯ್ಯುತ್ತಾರೆ. ಇದನ್ನು ಕೆಲಸವೆಂದು ಮಾತ್ರ ಯಾರೂ ಒಪ್ಪುವುದಿಲ್ಲ. "ಪಾಪ, ಅವಳಿಗೂ ಒಂದು ತಿರುಗಾಟ ಆಗತ್ತೆ" ಎನ್ನುತ್ತಾರೆ. ಮಿಕ್ಕ ಅನ್ನ, ಒಂದು ಹಳೆ ಸೀರೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಸೊಣ್ಣಮ್ಮ ಸಾರಕ್ಕಿಯವರು. ಗಂಡನ ಗದ್ದೆ ಹೊಸ ಬಡಾವಣೆಗೆ ಸೇರಿಹೋದ ಮೇಲೆ ಸೊಪ್ಪಿನ ಬುಟ್ಟಿ ತಲೆಗೇರಿತು. ಕೀರೆ, ದಂಟು, ಮೆಂತ್ಯ ಎಂದು ಕೂಗುತ್ತಾ ಬೀದಿ ಬೀದಿ ಸುತ್ತುತ್ತಾರೆ. ಈಜು ಯಾರು ಕಲಿಸಿದರು ಎಂದು ಕೇಳಿದರೆ ನಗುತ್ತಾರೆ. "ಎಮ್ಮೆ ಕಲಿಸ್ತು ಸಾಮಿ. ನಮ್ಮಪ್ಪ ಎಮ್ಮೆ ಮೈ ತೊಳಿಯಾಕೆ ಕೆರೆಗೆ ಹೊಡ್ಕೊಂಡು ಹೋಗೋನು. ಬಾಲ ಹಿಡ್ಕೊಂಡು ನಾನೂ ಹೋಗ್ತಿದ್ದೆ. ಒಂದಿನ ಬಾಲ ಕೈಬಿಡ್ತು, ನಾನು ಮುಳುಗ್ಲಿಲ್ಲ."

ನದಿಯಲ್ಲಿ ಅವರು ಎಲ್ಲಿ ನಿಲ್ಲಬೇಕೆಂಬುದಕ್ಕೆ ಈ ಮನೆಯಲ್ಲೊಂದು ಕಟ್ಟಳೆ ಇದೆ. ಸೇತುರಾಮಯ್ಯನವರ ಪತ್ನಿ ಸೀತಾಲಕ್ಷ್ಮಮ್ಮನವರು ಮಡಿಯವರು. ಸೊಪ್ಪಿನವಳ ಮೈ ಸೋಕಿದ ನೀರು ತಮ್ಮ ಕಡೆ ಬರಕೂಡದು, ಅದಕ್ಕೇ ಅವಳು ಹರಿವಿನ ಕೆಳಗೆ, ದೂರದಲ್ಲಿ ನಿಲ್ಲಬೇಕು. ಇದನ್ನು ಕೇಳಿದಾಗ ನನ್ನ ಮೈ ಉರಿಯಿತು. ಸೊಣ್ಣಮ್ಮನಿಗೆ ಉರಿಯಲಿಲ್ಲ. "ನಿಲ್ಲು ಅಂತಾರೆ, ನಿಲ್ತೀನಿ. ಕಾಲು ಜಾರ್ದೋರು ತೇಲ್ಕೊಂಡು ಬರೋದು ಅಲ್ಲಿಗೇ ಅಲ್ವಾ?"

ಹೋದ ಬೇಸಿಗೆಯಲ್ಲಿ ಹಾಗೇ ಆಯಿತು. ಈ ಮನೆಯ ಸೊಸೆ ಕಾತ್ಯಾಯಿನಿ ಪಾಚಿಗಲ್ಲಿನ ಮೇಲೆ ಕಾಲಿಟ್ಟು ಜಾರಿದರು. ದಡದಲ್ಲಿದ್ದವರು ಕಿರುಚುತ್ತಲೇ ನಿಂತರು. ಸೊಣ್ಣಮ್ಮ ಮುನ್ನುಗ್ಗಿ, ಜಡೆಗೆ ಕೈಹಾಕಿ, ಸುಳಿಯ ಬಾಯಿಂದ ಅವರನ್ನು ಎಳೆದು ತಂದರು. ಕಲ್ಲಿಗೆ ಉಜ್ಜಿ ಸೊಣ್ಣಮ್ಮನ ಮೊಣಕೈ ಚರ್ಮ ಕಿತ್ತುಹೋಯಿತು, ಗಾಯದ ಗುರುತು ಇನ್ನೂ ಇದೆ. ಆಮೇಲೆ ಏನಾಯಿತು ಗೊತ್ತೇ? ಕುಡಿದ ನೀರನ್ನು ಇನ್ನೂ ಕಾರಿಕೊಳ್ಳುತ್ತಿದ್ದ ಆ ಹುಡುಗಿಯ ತಲೆಯ ಮೇಲೆ ಅತ್ತೆ ಮತ್ತೆ ಚೆಂಬುಗಟ್ಟಲೆ ನೀರು ಸುರಿದರು. ಸೊಣ್ಣಮ್ಮ ಮುಟ್ಟಿದ್ದಳಲ್ಲ, ಮೈಲಿಗೆ ಕಳೆಯಬೇಕಿತ್ತು. ಇಂಥ ಮಡಿಗೆ ಏನೆನ್ನಬೇಕೋ ನನಗೆ ತಿಳಿಯದು.

ಬೆಂಗಳೂರಿಗೆ ಬಂದ ಮೇಲೆ ಬೀದಿಯವರಿಗೆಲ್ಲ ಸೇತುರಾಮಯ್ಯನವರು ಹೇಳಿದ್ದು ಒಂದೇ ಮಾತು: "ತಾಯಿ ಕಾವೇರಿ ಕೈಬಿಡಲಿಲ್ಲ." ಪಕ್ಕದ ರಸ್ತೆಯಲ್ಲೇ ಇರುವ ನಾನೂ ಅದನ್ನು ನಂಬಿ ಕೈಮುಗಿದಿದ್ದೆ. ಈಚೆಗೆ ಸೊಪ್ಪು ಕೊಳ್ಳುವಾಗ ಮೊಣಕೈ ಗಾಯದ ಬಗ್ಗೆ ವಿಚಾರಿಸಿದಾಗಲೇ ನಿಜ ತಿಳಿದದ್ದು. ಕಾವೇರಿ ಕಾಪಾಡಿದಳೆಂದು ಸೇತುರಾಮಯ್ಯನವರು ಹೇಳಿಕೊಂಡು ತಿರುಗುತ್ತಾರಲ್ಲ ಎಂದೆ. ಸೊಣ್ಣಮ್ಮ ಕೈಯಲ್ಲಿದ್ದ ಸೊಪ್ಪಿನ ಕಟ್ಟು ಕೆಳಗಿಟ್ಟರು. "ಅಂಗಂತಾರಾ? ಕಾವೇರಮ್ಮ ಎಳ್ಕೊಂಡು ಹೋಗ್ತಿದ್ಲು ಸಾಮಿ. ಈಚೆಗೆ ಎಳ್ದಿದ್ದು ನಾನು."

ಅಂದೇ ಅವರ ಆಸೆಯನ್ನೂ ಕೇಳಿದೆ. ಶ್ರೀರಂಗಪಟ್ಟಣಕ್ಕೆ ಅಷ್ಟು ಸಲ ಹೋದರೂ ಅವರು ಅರಮನೆ ನೋಡಿಲ್ಲ. ಎಲ್ಲರೂ ಒಳಗೆ ಹೋದಾಗ ಊಟದ ಬುಟ್ಟಿ, ಚಪ್ಪಲಿ ಕಾಯುತ್ತಾ ಗೇಟಿನಾಚೆ ಕೂರುವುದೂ ಅವರ ಪಾಲಿನದೇ. "ಗೋಡೆ ತುಂಬಾ ಆನೆ ಕುದುರೆ ಬರ್ದವ್ರಂತೆ. ಒಂದ್ಸಲ ನೋಡ್ಬೇಕು."

ಮೊನ್ನೆ ಸಂಜೆ ಈ ಮನೆಯ ಜಗಲಿಯಲ್ಲಿ ಪ್ರಯಾಣದ ಮಾತುಕತೆ ನಡೆಯಿತು. ವ್ಯಾನಿನಲ್ಲೊಂದು ಜಾಗ ಬೇಕೆಂದು ಕೇಳಿಕೊಂಡು ನಾನೂ ಹೋಗಿದ್ದೆ. ಮೊದಲು ಸ್ನಾನವೋ ದರ್ಶನವೋ, ಮೊಸರನ್ನಕ್ಕೆ ಸಾಸಿವೆ ಬೇಕೋ ಬೇಡವೋ, ಎಲ್ಲಕ್ಕೂ ದೊಡ್ಡ ಚರ್ಚೆ. ನಡುವೆ ಕಾತ್ಯಾಯಿನಿ, "ಈ ಸಲ ಸೊಣ್ಣಮ್ಮನೂ ಅರಮನೆ ಒಳಗೆ ಬರ್ಲಿ ಮಾವ" ಎಂದರು. ಸೇತುರಾಮಯ್ಯನವರು ಕನ್ನಡಕ ತೆಗೆದು ಕೇಳಿದರು: "ಬುಟ್ಟಿ ಯಾರಮ್ಮ ಕಾಯ್ತಾರೆ?" ಅಲ್ಲಿಗೆ ಆ ಮಾತು ಮುಗಿಯಿತು. ಸಾಸಿವೆಗೆ ಸಿಕ್ಕಷ್ಟು ಹೊತ್ತೂ ಸೊಣ್ಣಮ್ಮನಿಗೆ ಸಿಗಲಿಲ್ಲ. ಇದನ್ನೆಲ್ಲ ಹೆಸರು ಸಮೇತ ಬರೆದಿದ್ದಕ್ಕೆ ಸೇತುರಾಮಯ್ಯನವರು ಬೇಸರಿಸಿಕೊಳ್ಳಬಹುದು. ಬೇಸರಿಸಿಕೊಳ್ಳಲಿ.

ಈಗ ಮಧ್ಯಾಹ್ನ. ಸ್ನಾನ ಮುಗಿದಿದೆ, ಯಾರೂ ಜಾರಲಿಲ್ಲ. ಅಷ್ಟು ಹೊತ್ತೂ ಸೊಣ್ಣಮ್ಮ ಹಗ್ಗ ಹಿಡಿದು ಸೊಂಟದುದ್ದದ ನೀರಿನಲ್ಲಿ, ಹರಿವಿನ ಕೆಳಗೇ ನಿಂತಿದ್ದರು. ದರ್ಶನ, ಊಟ ಮುಗಿಸಿ ಅರಮನೆಯ ಗೇಟಿಗೆ ಬಂದಿದ್ದೇವೆ. ಸೊಣ್ಣಮ್ಮನ ಒದ್ದೆ ಸೀರೆ ಮೈಮೇಲೇ ಒಣಗಿದೆ. ಸೊಣ್ಣಮ್ಮ ಎಂದಿನಂತೆ ಮರದ ಕೆಳಗೆ ಬುಟ್ಟಿಗಳನ್ನು ಜೋಡಿಸುತ್ತಿರುವಾಗ ಕಾತ್ಯಾಯಿನಿ ಬಂದು ಚಾಪೆ ಹಾಸಿ ಕುಳಿತುಬಿಡುತ್ತಾರೆ.

"ನೀನು ಒಳಗೆ ಹೋಗಿ ಬಾ ಸೊಣ್ಣಮ್ಮ. ಇಲ್ಲಿ ನಾನಿರ್ತೀನಿ."

"ಇದೇನೇ ಇದು? ಏಳು, ಎಲ್ಲಾರೂ ಕಾಯ್ತಿದಾರೆ" ಎಂದು ಅತ್ತೆ ಗದರುತ್ತಾರೆ.

"ಅರಮನೆ ನಾನು ಹಿಂದೇನೇ ನೋಡಿದೀನಿ ಅತ್ತೆ. ಈ ವರ್ಷ ಬರೋಕೆ ನಾನು ಉಳಿದಿರೋದೇ ಅವಳಿಂದ."

ಆ ಮನೆಯವರ ಬಾಯಲ್ಲಿ ಈ ಮಾತು ಬಂದದ್ದು ಇದೇ ಮೊದಲು. ಸೀತಾಲಕ್ಷ್ಮಮ್ಮನವರು ಮಕ್ಕಳನ್ನು ಕರೆದುಕೊಂಡು ಮುಂದೆ ನಡೆಯುತ್ತಾರೆ. ಸೊಣ್ಣಮ್ಮ ಸೆರಗು ಸರಿಮಾಡಿಕೊಂಡು, ಎರಡು ಸಲ ಬುಟ್ಟಿಯ ಕಡೆ ತಿರುಗಿ ನೋಡಿ, ಒಳಗೆ ಹೋಗುತ್ತಾರೆ.

ಎಲ್ಲರಿಗಿಂತ ತಡವಾಗಿ ಬಂದವರು ಅವರೇ. ಆಗಲೇ ವ್ಯಾನಿನಲ್ಲಿ ಕುಳಿತಿದ್ದ ಸೇತುರಾಮಯ್ಯನವರು ಗೊಣಗುತ್ತಿದ್ದಾರೆ. ಹೇಗಿತ್ತು ಎಂದು ನಾನು ಕೇಳುತ್ತೇನೆ. ಸೊಣ್ಣಮ್ಮ ಹಗ್ಗದ ಸಿಂಬಿಯನ್ನು ಹೆಗಲಿಗೇರಿಸುತ್ತಾ ಹೇಳುತ್ತಾರೆ.

"ಆನೆ ಮ್ಯಾಲೆ ರಾಜನ್ನೊಬ್ಬನ್ನೇ ಬರ್ದಿಲ್ಲ ಸಾಮಿ. ಮುಂದ್ಗಡೆ ಕುಂತಿರೋ ಮಾವುತನ್ನೂ ಬರ್ದವ್ರೆ. ಅವನ್ನ ಬಿಟ್ಟಿಲ್ಲ."