ನೋರೀನ್ ಬಳಿ ಉಳಿದಿದ್ದ ಒಂದೇ ಕೊಕ್ಕರೆ

ಬೆಳಗಿನ ಆರು ಗಂಟೆ. ಹಾಲ್‌ಶಾ ಟೌನ್ ಫುಟ್‌ಬಾಲ್ ಕ್ಲಬ್ಬಿನ ಗ್ಯಾಲರಿಯ ಕೆಳಗೆ ಕಿಟಕಿಯೇ ಇಲ್ಲದ ಒಂದು ಕೋಣೆ. ನೋರೀನ್ ಆಷ್‌ವರ್ತ್ ಹೊಸ ಅಂಗಿಯನ್ನು ಮೇಜಿನ ಮೇಲೆ ಹರವಿ, ಎದೆಯ ಜಾಗಕ್ಕೆ ಅಂಟುಹಾಳೆ ಇಟ್ಟು, ಬಿಸಿ ಯಂತ್ರವನ್ನು ಒತ್ತುತ್ತಾರೆ. ಹನ್ನೆರಡು ಸೆಕೆಂಡು ಸಾಕು. ಹಾಳೆ ಕಿತ್ತರೆ ಎರಡು ಕಪ್ಪು ಅಕ್ಷರ. ಈ ವರ್ಷದಿಂದ ನಮ್ಮ ಕ್ಲಬ್ಬಿನ ಲಾಂಛನ ಇಷ್ಟೇ.

"ಇದಕ್ಕೆ ನಾನ್ಯಾಕೆ ಬೇಕು ಹೇಳಿ? ಬ್ರೆಡ್ ಸುಡೋಕೆ ಬಂದ್ರೆ ಸಾಕು, ಇದೂ ಬರತ್ತೆ" ಎನ್ನುತ್ತಾರೆ.

ಎಪ್ಪತ್ತನಾಲ್ಕು ವರ್ಷದ ನೋರೀನ್ ಇಲ್ಲಿಗೆ ಹೊಲಿಗೆಗೆ ಬಂದಾಗ ಇಪ್ಪತ್ತೆರಡು. ಆಗ ಕೆಂಪು ಬಿಳಿ ಪಟ್ಟೆಯ ಅಂಗಿ, ಎದೆಯ ಮೇಲೆ ಒಂಟಿಕಾಲಿನ ಕೊಕ್ಕರೆ. ಒಂದೊಂದನ್ನೂ ರೇಷ್ಮೆ ದಾರದಲ್ಲಿ ಕೈಯಿಂದಲೇ ಕಸೂತಿ ಮಾಡಬೇಕಿತ್ತು. ಆಮೇಲೆ ಕಾರ್ಖಾನೆಯ ಧಣಿಯೊಬ್ಬರು ಕ್ಲಬ್ಬನ್ನು ಕೊಂಡರು. ಅಂಗಿ ಹಳದಿಯಾಯಿತು, ಕೊಕ್ಕರೆ ಹೋಗಿ ಹಲ್ಲುಚಕ್ರ ಬಂತು. ಅವರು ಹೋದ ಮೇಲೆ ಪಟ್ಟೆ ಮರಳಿತು, ಜೊತೆಗೆ ಸಿಂಹ. ಹಾಲ್‌ಶಾಗೂ ಸಿಂಹಕ್ಕೂ ಏನು ಸಂಬಂಧವೋ ನನಗಂತೂ ಗೊತ್ತಿಲ್ಲ.

ದಿನಕ್ಕೆ ಅರವತ್ತಾರು ಅಂಗಿ, ಅಷ್ಟೇ ಚಡ್ಡಿ, ಕೆಸರು ಮೆತ್ತಿದ ಕಾಲುಚೀಲಗಳ ರಾಶಿ, ಒಗೆಯುವವರೂ ಅವರೇ. ಹತ್ತಕ್ಕೆ ಬರುವ ಆಟಗಾರರು ಬುಟ್ಟಿಗೆ ಬಟ್ಟೆ ಎಸೆದು ಹೋಗುತ್ತಾರೆ. "ಮೊದಲೆಲ್ಲ ಚಹಾ ಕುಡಿಯೋಕೆ ಬಂದು ಕೂರೋರು. ಈಗ ಎಲ್ಲರ ಕಿವೀಲೂ ಏನೋ ಸಿಕ್ಕಿಸಿರತ್ತೆ. ಕೆಲವು ದಿನ ಮನೆಗೆ ಹೋಗೋವರೆಗೂ ನನ್ನ ದನಿ ನನಗೇ ಕೇಳಿರಲ್ಲ."

ಆದರೆ ಊರಲ್ಲಿ ಯಾರಾದರೂ ತೀರಿಕೊಂಡರೆ ಈ ಬಾಗಿಲು ತಟ್ಟುತ್ತಾರೆ. ಕ್ಲಬ್ಬಿನ ಅಂಗಿ ತೊಟ್ಟೇ ಶವಪೆಟ್ಟಿಗೆ ಸೇರುವುದು ಇಲ್ಲಿನವರ ರೂಢಿ. ಯಾವ ಕಾಲದ ಲಾಂಛನ ಬೇಕೆಂದು ಬದುಕಿದ್ದಾಗಲೇ ಹೇಳಿಟ್ಟಿರುತ್ತಾರೆ. ಅದನ್ನು ಹುಡುಕಿ ಹೊಲಿದುಕೊಡುವವರು ನೋರೀನ್.

ಎಡವಿದ್ದು ತಮ್ಮ ಮನೆಯಲ್ಲೇ. ಹನ್ನೊಂದು ವರ್ಷದ ಹಿಂದೆ ಗಂಡ ಲೆಸ್ ಹೋದರು. ಅವರಿಗೆ ಕೊಕ್ಕರೆಯೆಂದರೆ ಪ್ರಾಣ. ಹಲ್ಲುಚಕ್ರವನ್ನು 'ಸೈಕಲ್ ಅಂಗಡಿ ಬೋರ್ಡು' ಎಂದು ಆಡಿಕೊಳ್ಳುತ್ತಿದ್ದರು.

"ಕೊಕ್ಕರೆಯದು, ಚಕ್ರದ್ದು, ಎರಡೂ ಅಂಗಿ ಕಾಗದ ಸುತ್ತಿ ಬೀರುವಲ್ಲಿ ಇಟ್ಟಿದ್ದೆ. ತಲೆ ಓಡ್ತಿರಲಿಲ್ಲ, ಕೈಗೆ ಸಿಕ್ಕಿದ ಪೊಟ್ಟಣ ಕೊಟ್ಟುಬಿಟ್ಟೆ. ಪೆಟ್ಟಿಗೆ ಮುಚ್ಚಿಯೇ ತಂದ್ರು. ಮಣ್ಣು ಮಾಡಿ ಮನೆಗೆ ಬಂದು ನೋಡಿದ್ರೆ ಕೊಕ್ಕರೆ ಬೀರುವಲ್ಲೇ ಇದೆ." ಅಂದಿನಿಂದ ಆ ಅಂಗಿ ತಮಗೆಂದೇ ಎತ್ತಿಟ್ಟುಕೊಂಡರು. "ನಾನಾದ್ರೂ ತೊಟ್ಕೊಂಡು ಹೋಗಿ ತಪ್ಪಾಯ್ತು ಕಣೋ ಅಂತ ತೋರಿಸೋಣ ಅಂತ."

ಹಳೆಯ ಲಾಂಛನಗಳ ಡಬ್ಬಿಯಲ್ಲಿದ್ದ ಕೊಕ್ಕರೆಗಳು ಒಂದೊಂದಾಗಿ ಮುಗಿದಿವೆ. ಹೊಸದು ಮಾಡಲು ಕಣ್ಣು ಸಾಲದು. ಉಳಿದಿರುವುದು ಬೀರುವಿನದೊಂದೇ.

ಕಳೆದ ಮಂಗಳವಾರ ನಾನು ಅಲ್ಲಿದ್ದಾಗಲೇ ಜಿಲ್ ಎಂಬಾಕೆ ಬಂದರು. ನಲವತ್ತು ವರ್ಷ ಮೈದಾನದ ಗೇಟು ಕಾದಿದ್ದ ಆಕೆಯ ಅಪ್ಪ ಹಿಂದಿನ ದಿನ ತೀರಿಕೊಂಡಿದ್ದರು.

"ಕೊಕ್ಕರೆ ಬೇಕು ಅಂದಿದ್ರು, ನೋರೀನ್ ಆಂಟಿ. ಇಲ್ಲದಿದ್ರೆ ಸಿಂಹವೇ ಕೊಡಿ, ಪರವಾಗಿಲ್ಲ."

"ನಿಮ್ಮಪ್ಪ ಸಿಂಹ ಹಾಕ್ಕೊಂಡು ಹೋಗ್ತಾನಾ? ಎದ್ದು ಬಂದುಬಿಡ್ತಾನೆ ಅಷ್ಟೆ. ಸಂಜೆ ಮನೆಗೆ ಬಾ, ಇದೆ" ಎಂದರು ನೋರೀನ್. ಜಿಲ್ ಅತ್ತುಬಿಟ್ಟರು. ಆಕೆ ಹೋದ ಮೇಲೆ ನೋರೀನ್ ಬಹಳ ಹೊತ್ತು ಒಂದೇ ಅಂಗಿಯನ್ನು ಮಡಿಸುತ್ತಿದ್ದರು.

"ನಿಮಗೆ?" ಎಂದು ಕೇಳಿದೆ.

"ಚಕ್ರ ಹೊಲಿದುಕೊಳ್ತೀನಿ. ಡಬ್ಬಿ ತುಂಬಾ ಇವೆ, ಯಾರೂ ಕೇಳಲ್ಲ."

"ಲೆಸ್ ಬೈಯುವುದಿಲ್ಲವೇ?"

"ಬೈಲಿ ಬಿಡಿ. ಹನ್ನೊಂದು ವರ್ಷದಿಂದ ಅಷ್ಟು ಕೊಕ್ಕರೆಗಳ ಮಧ್ಯೆ ಒಬ್ಬನೇ ಆ ಚಕ್ರ ಹಾಕ್ಕೊಂಡು ಕೂತಿದಾನೆ. ನಾನೂ ಅದನ್ನೇ ಹಾಕ್ಕೊಂಡು ಪಕ್ಕದಲ್ಲಿ ಕೂರ್ತೀನಿ."